ಏನೂ ಸಿಗಲಿಲ್ಲ ಎಂಬ ಉತ್ತರ

ಪ್ಯಾರಿಸ್ಸಿನಿಂದ ಮರಳಿ ಬೆಂಗಳೂರಿನ ಪ್ರಯೋಗಾಲಯಕ್ಕೆ ಒಗ್ಗಿಕೊಂಡ ಮೇಲೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. 1930ರ ದಶಕದಲ್ಲಿ ಆ ಊರಿನ ಗಂಡ ಹೆಂಡತಿ ಇಬ್ಬರು ಒಂದು ಬಗೆಯ ಬ್ಯಾಕ್ಟೀರಿಯಾದ ಕೋಶಗಳನ್ನು ಒಡೆದು, ಒಳಗೆ ವೈರಸ್ ಇದೆಯೇ ಎಂದು ಹುಡುಕಿದರು. ಸಿಗಲಿಲ್ಲ. ತಲೆಮಾರುಗಳ ಕಾಲ ವೈರಸ್ಸನ್ನು ಹೊರಹಾಕುತ್ತಲೇ ಬಂದಿದ್ದ ಬ್ಯಾಕ್ಟೀರಿಯಾ ಅದು. ಒಡೆದು ನೋಡಿದರೆ ಒಳಗೆ ಏನೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಪ್ರಯೋಗ ಕೆಟ್ಟಿತೆಂದು ಕೈಬಿಡುತ್ತಿದ್ದರೇನೋ. ಯೂಜೀನ್ ಮತ್ತು ಎಲಿಸಬೆತ್ ವೋಲ್ಮನ್ ದಂಪತಿ ಆ ಇಲ್ಲದಿರುವಿಕೆಯನ್ನೇ ಉತ್ತರವೆಂದು ಎತ್ತಿಕೊಂಡರು. ವೈರಸ್ ಅಲ್ಲೇ ಇದೆ, ಆದರೆ ವೈರಸ್ಸಿನ ರೂಪದಲ್ಲಿಲ್ಲ, ಬ್ಯಾಕ್ಟೀರಿಯಾದ ಆನುವಂಶಿಕ ಗುಣದೊಳಗೆ ಸೇರಿಹೋಗಿದೆ ಎಂದರು. ಡಿಎನ್ಎ ಎಂದರೇನೆಂದು ಜಗತ್ತಿಗೆ ಸರಿಯಾಗಿ ಗೊತ್ತಿಲ್ಲದ ಕಾಲದಲ್ಲಿ ಹಾಗೆ ಹೇಳುವ ಧೈರ್ಯ ಅವರಿಗೆ ಎಲ್ಲಿಂದ ಬಂತು?

ನಾನು ತೀರ್ಥಹಳ್ಳಿ ಕಡೆಯವಳು. ಬೆಂಗಳೂರಿನಲ್ಲಿ ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್ ಸಂಶೋಧನೆಗೆಂದು ಪ್ಯಾರಿಸ್ಸಿನ ಒಂದು ಪ್ರಯೋಗಾಲಯಕ್ಕೆ ಹೋದೆ. ಓದು ಮುಗಿದಿರುತ್ತದೆ, ಸ್ವಂತ ಪ್ರಯೋಗಾಲಯ ಇನ್ನೂ ಇರುವುದಿಲ್ಲ. ಆ ನಡುವಿನ ವರ್ಷಗಳ ಕೆಲಸಕ್ಕೆ ಈ ಹೆಸರು. ಗುತ್ತಿಗೆಯ ಅವಧಿ ಮುಗಿಯುವುದರೊಳಗೆ ತೋರಿಸಲು ಏನಾದರೂ ಕೈಯಲ್ಲಿರಬೇಕು. ಇಲ್ಲದಿದ್ದರೆ ಮುಂದಿನ ಬಾಗಿಲು ತೆರೆಯುವುದು ಕಷ್ಟ. ಹೊರಡುವ ಮೊದಲು ಅಪ್ಪ ಕೇಳಿದ್ದು ಒಂದೇ ಮಾತು, "ಅಲ್ಲಿಂದ ಬಂದ ಮೇಲಾದರೂ ಪರ್ಮನೆಂಟ್ ಆಗ್ತದ ಮಗಾ?"

ನನ್ನ ಕೆಲಸ ನಿದ್ದೆಯಲ್ಲಿರುವ ವೈರಸ್ಸುಗಳ ಮೇಲೆ. ಬ್ಯಾಕ್ಟೀರಿಯಾಗಳಿಗೂ ವೈರಸ್ ತಗಲುತ್ತದೆ. ಅವನ್ನು ಫೇಜ್ ಎನ್ನುತ್ತೇವೆ. ಕೆಲವು ಫೇಜ್‌ಗಳು ಒಳಹೊಕ್ಕ ಕೂಡಲೇ ಮರಿ ಹಾಕಿ ಕೋಶವನ್ನು ಸಿಡಿಸುತ್ತವೆ. ಇನ್ನು ಕೆಲವು ಬ್ಯಾಕ್ಟೀರಿಯಾದ ಡಿಎನ್ಎಗೆ ತಮ್ಮ ಡಿಎನ್ಎ ಜೋಡಿಸಿ ಸುಮ್ಮನಾಗುತ್ತವೆ. ಕೋಶ ಎರಡಾದಾಗ ಅವೂ ಎರಡಾಗುತ್ತವೆ. ಎಷ್ಟೋ ಪೀಳಿಗೆಗಳ ನಂತರ, ಕೋಶದ ಡಿಎನ್ಎಗೆ ಪೆಟ್ಟು ಬಿದ್ದ ದಿನ, ಎದ್ದು ಕೋಶವನ್ನು ಸಿಡಿಸಿ ಹೊರಬರುತ್ತವೆ. ಅಗಾರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹಾಸು ಬೆಳೆದಿರುವಲ್ಲಿ ಅಲ್ಲಲ್ಲಿ ತಿಳಿಯಾದ ಚುಕ್ಕೆ ಕಂಡರೆ ಫೇಜ್ ಎದ್ದಿದೆ ಎಂದು ಅರ್ಥ. ಬೆಳಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದು ತಟ್ಟೆಗಳನ್ನು ಬೆಳಕಿಗೆ ಹಿಡಿದು ಆ ಚುಕ್ಕೆಗಳನ್ನು ಹುಡುಕುವುದರಿಂದ ನನ್ನ ದಿನ ಶುರುವಾಗುತ್ತಿತ್ತು.

ಈ ವಿಷಯ ಪ್ರಯೋಗಾಲಯದ ಆಚೆಗೂ ಚಾಚಿಕೊಂಡಿದೆ. ಡಿಫ್ತೀರಿಯಾದ ಬ್ಯಾಕ್ಟೀರಿಯಾ ಮಕ್ಕಳ ಗಂಟಲು ಕಟ್ಟುವುದು ಅದರೊಳಗಿನ ಫೇಜ್ ತಂದ ವಿಷದಿಂದ. ಕಾಲರಾ ವಿಷವನ್ನು 1959ರಲ್ಲಿ ಕಲ್ಕತ್ತೆಯ ಶಂಭುನಾಥ ಡೇ ಗುರುತಿಸಿದರು. ಆ ವಿಷದ ವಂಶವಾಹಿಗಳೂ ಫೇಜ್ ಮೂಲಕವೇ ಬಂದವೆಂದು 1996ರಲ್ಲಿ ತಿಳಿಯಿತು. ನಿದ್ದೆಯಲ್ಲಿರುವ ವೈರಸ್ಸನ್ನು ಅರಿಯದೆ ನಮ್ಮ ಊರಿನ ರೋಗಗಳನ್ನು ಪೂರ್ತಿ ಅರಿಯಲಾಗದು.

ಶರತ್ಕಾಲದ ಒಂದು ಮಧ್ಯಾಹ್ನ ಪಾಸ್ಟರ್ ಸಂಸ್ಥೆಯನ್ನು ನೋಡಲು ಹೋದೆ. ಡಾಕ್ಟರ್ ರೂ ಬೀದಿಯ ಎರಡೂ ಬದಿಗೆ ಅದರ ಕಟ್ಟಡಗಳಿವೆ. 1888ರ ನವೆಂಬರಿನಲ್ಲಿ ಉದ್ಘಾಟನೆಯಾದ ಹಳೆಯ ಕಟ್ಟಡದಲ್ಲಿ ಲೂಯಿ ಪಾಸ್ಟರ್ ತಮ್ಮ ಕೊನೆಯ ವರ್ಷಗಳನ್ನು ಕಳೆದರು. ಅದರ ನೆಲಮಾಳಿಗೆಯಲ್ಲಿ ಅವರ ಸಮಾಧಿ ಇದೆ. ಇಳಿದು ಹೋದರೆ ಗೋಡೆ, ಕಮಾನು, ಮೇಲ್ಛಾವಣಿಯ ತುಂಬ ಬಣ್ಣದ ಹರಳುಗಳ ಚಿತ್ತಾರ. ದೇವದೂತರ ಜೊತೆಯಲ್ಲಿ ಕುರಿ, ಕೋಳಿ, ನಾಯಿ, ಹಿಪ್ಪುನೇರಳೆ, ದ್ರಾಕ್ಷಿಬಳ್ಳಿ ಇವೆ. ಪಾಸ್ಟರ್ ತಲೆಕೆಡಿಸಿಕೊಂಡ ಸಂಶೋಧನೆಗಳನ್ನು ಕುಶಲಕರ್ಮಿಗಳು ಹಾಗೆ ಬರೆದಿಟ್ಟಿದ್ದಾರೆ. ವಿಜ್ಞಾನಿಯೊಬ್ಬನಿಗೆ ಇಂಥ ಗುಡಿ ಕಟ್ಟಿದ ಊರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಲ್ಲಿ ನಿಂತಾಗ ಬೆಂಗಳೂರಿನ ಪ್ಲೇಗಮ್ಮನ ಗುಡಿಗಳು ನೆನಪಾದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಭಯದ ಬೆನ್ನಿಗೆ. ಪ್ಲೇಗ್ ಬ್ಯಾಕ್ಟೀರಿಯಾವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದ ಯೆರ್ಸಿನ್ ಈ ಸಂಸ್ಥೆಯವರು. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆಂದು 1898ರಲ್ಲಿ ಕರಾಚಿಯಲ್ಲಿ ತೋರಿಸಿದ ಸಿಮಾಂಡ್ ಕೂಡ ಇಲ್ಲಿಯವರೇ. ಪ್ಲೇಗಿನ ಲಸಿಕೆ ಮಾಡಿ 1897ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡ ಹಾಫ್ಕಿನ್, ಒಡೆಸ್ಸಾ ನಗರದ ಯಹೂದಿ. ರಷ್ಯಾ ಬಿಟ್ಟು ಬಂದು ಈ ಸಂಸ್ಥೆಯ ಗ್ರಂಥಾಲಯದಲ್ಲಿ ಸಹಾಯಕರಾಗಿ ಕೆಲಸ ಹಿಡಿದವರು. ನಮ್ಮ ಕಡೆ ಅಜ್ಜಿಯರು ಇಲಿ ಬಿದ್ದರೆ ಮನೆ ಬಿಡಬೇಕು ಎಂದು ಹೇಳುವುದನ್ನು ಕೇಳಿ ಬೆಳೆದ ನನಗೆ, ನನ್ನ ಊರಿನ ಚರಿತ್ರೆಯ ಒಂದು ಪುಟ ಈ ಬೀದಿಯಲ್ಲಿ ಸಿಕ್ಕಿತು.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ವಯಸ್ಸಾದ ಹೆಂಗಸೊಬ್ಬರು ಮಾತಿಗೆ ಸಿಕ್ಕರು. ಹುಡುಗಿಯಾಗಿದ್ದಾಗ ಪ್ರಯೋಗಾಲಯವೊಂದರಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಸೇರಿ, ಮುಂದೆ ತಂತ್ರಜ್ಞೆಯಾಗಿ ನಿವೃತ್ತರಾದವರು. ನಾನು ಮಾಡುವ ಕೆಲಸ ಕೇಳಿದ ಕೂಡಲೇ ಅವರ ಮೊದಲ ಪ್ರಶ್ನೆ, "ನಿಮ್ಮ ಊರಿನಲ್ಲಿ ಗಾಜು ಯಾರು ತೊಳೆಯುತ್ತಾರೆ?" ಬೆಂಗಳೂರಿನ ನಮ್ಮ ಮೀಡಿಯಾ ರೂಮಿನ ಅಣ್ಣನ ಬಗ್ಗೆ ಹೇಳಿದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಆಟೋಕ್ಲೇವ್ ಹಾಕಿ, ಅಗಾರ್ ಕಾಯಿಸಿ, ತಟ್ಟೆಗೆ ಸುರಿಯುವವರು ಅವರು. ಅವರು ಸುರಿದ ತಟ್ಟೆಯಲ್ಲಿ ಬೂಷ್ಟು ಬಂದದ್ದನ್ನು ನಾನು ನೋಡಿಲ್ಲ. "ಹಾಗಾದರೆ ನಿಮ್ಮ ಪ್ರಯೋಗಗಳನ್ನು ನಂಬಬಹುದು," ಎಂದರು ಆಕೆ.

ವೋಲ್ಮನ್ ದಂಪತಿಯ ಬದುಕಿನ ಕಥೆಯನ್ನು ನಾನು ಮೊದಲು ಕೇಳಿದ್ದು ಆ ನಿವೃತ್ತ ತಂತ್ರಜ್ಞೆಯ ಬಾಯಿಂದ. ಯೂಜೀನ್ ಹುಟ್ಟಿದ್ದು ಮಿನ್ಸ್ಕ್‌ನಲ್ಲಿ. ಪಾಸ್ಟರ್ ಸಂಸ್ಥೆಯ ವಿಜ್ಞಾನಿ ಮೆಚ್ನಿಕೋವ್ ಅವರ ಬಳಿ ಕೆಲಸ ಮಾಡಲು ಬಂದು ಇಲ್ಲೇ ಉಳಿದರು. ಹೆಂಡತಿ ಎಲಿಸಬೆತ್ ಅವರ ಜೊತೆ ಒಂದೇ ಮೇಜಿನಲ್ಲಿ ದುಡಿದರು. ಬ್ಯಾಸಿಲಸ್ ಮೆಗಟೇರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಗೋಡೆಯನ್ನು ಲೈಸೋಜೈಮ್ ಹಾಕಿ ಒಡೆದು, ಒಳಗೆ ಫೇಜ್ ಇಲ್ಲವೆಂದು ತೋರಿಸಿದರು. ಅಮೆರಿಕದಲ್ಲಿ ಫೇಜ್ ಸಂಶೋಧನೆಗೆ ಮುಂದಾಳಾಗಿದ್ದ ಮ್ಯಾಕ್ಸ್ ಡೆಲ್ಬ್ರುಕ್‌ಗೆ ಇದರಲ್ಲೆಲ್ಲ ನಂಬಿಕೆ ಇರಲಿಲ್ಲ. ಹೊರಗಿನ ಫೇಜ್ ಬೆರೆತಿರಬೇಕು ಎಂಬುದು ಅವರ ಅನುಮಾನ. ಅಷ್ಟರಲ್ಲಿ ಯುದ್ಧ ಬಂತು. ಪ್ಯಾರಿಸ್ ನಾಜಿಗಳ ಕೈವಶವಾಯಿತು. 1943ರ ಡಿಸೆಂಬರಿನಲ್ಲಿ ಯಹೂದಿಗಳೆಂಬ ಕಾರಣಕ್ಕೆ ದಂಪತಿಯನ್ನು ಹಿಡಿದೊಯ್ದರು. ಡ್ರಾನ್ಸಿ ಶಿಬಿರದಿಂದ ಆಶ್ವಿಟ್ಜ್‌ಗೆ ಸಾಗಿಸಿದರು. ಅವರು ಮರಳಲಿಲ್ಲ.

ಮಗ ಎಲಿ ವೋಲ್ಮನ್ ನಾಜಿ ವಿರೋಧಿ ಹೋರಾಟದಲ್ಲಿದ್ದ ವೈದ್ಯ. ಯುದ್ಧ ಮುಗಿದ ಮೇಲೆ ಅವರು ಅಪ್ಪ ಅಮ್ಮ ದುಡಿದ ಸಂಸ್ಥೆಗೇ ಬಂದು, ಆಂದ್ರೆ ಲ್ವೋಫ್ ಅವರ ಪ್ರಯೋಗಾಲಯ ಸೇರಿದರು. ಕಟ್ಟಡದ ಛಾವಣಿಯ ಕೆಳಗಿನ ಅಟ್ಟದಲ್ಲಿತ್ತು ಅದು. ಒಂದು ತುದಿಯಲ್ಲಿ ಲ್ವೋಫ್, ಇನ್ನೊಂದು ತುದಿಯಲ್ಲಿ ಜಾಕ್ ಮೊನೊ. 1950ರಲ್ಲಿ ಅಲ್ಲಿಗೆ ಬಂದ ಫ್ರಾನ್ಸ್ವಾ ಜಾಕೋಬ್, ನಾರ್ಮಂಡಿಯ ಕದನದಲ್ಲಿ ಮೈತುಂಬ ಗಾಯವಾಗಿ ಶಸ್ತ್ರವೈದ್ಯನಾಗುವ ಆಸೆಯನ್ನು ಬಿಡಬೇಕಾಗಿ ಬಂದವರು. ಲ್ವೋಫ್ ಮತ್ತೆ ಅದೇ ಮೆಗಟೇರಿಯಂ ಬ್ಯಾಕ್ಟೀರಿಯಾವನ್ನು ಕೈಗೆತ್ತಿಕೊಂಡರು. ಒಂಟಿ ಕೋಶವನ್ನು ಹನಿಯೊಂದರಲ್ಲಿಟ್ಟು, ಅದು ಒಡೆದು ಎರಡಾಗುವುದನ್ನು ಸೂಕ್ಷ್ಮದರ್ಶಕದಡಿ ನೋಡುತ್ತ ಕುಳಿತರು. 1950ರಲ್ಲಿ ಅತಿನೇರಳೆ ಬೆಳಕು ಬಿಟ್ಟಾಗ ನಿದ್ದೆಯಲ್ಲಿದ್ದ ಫೇಜ್ ಎದ್ದು ಬಂತು. ವೋಲ್ಮನ್ ದಂಪತಿ ಹೇಳಿದ್ದು ನಿಜವಾಗಿತ್ತು.

ಅಲ್ಲಿಂದ ಮುಂದಿನದು ನಾವು ಪಾಠದಲ್ಲಿ ಓದುವ ಚರಿತ್ರೆ. ಎಲಿ ಮತ್ತು ಜಾಕೋಬ್ ಎರಡು ಬ್ಯಾಕ್ಟೀರಿಯಾಗಳು ಕೂಡಿ ಒಂದರಿಂದ ಇನ್ನೊಂದಕ್ಕೆ ಡಿಎನ್ಎ ಸಾಗುತ್ತಿರುವಾಗ, ಅಡುಗೆಮನೆಯ ಮಿಕ್ಸರಿನಲ್ಲಿ ತಿರುಗಿಸಿ ಅವನ್ನು ಬಿಡಿಸಿದರು. ಎಷ್ಟು ನಿಮಿಷಕ್ಕೆ ಯಾವ ವಂಶವಾಹಿ ದಾಟಿತು ಎಂದು ನೋಡಿ, ವಂಶವಾಹಿಗಳ ಸಾಲನ್ನು ನಿಮಿಷಗಳಲ್ಲಿ ಅಳೆದರು. ಇ. ಕೋಲೈ ಬ್ಯಾಕ್ಟೀರಿಯಾದ ನಕ್ಷೆ ಇಂದಿಗೂ ನೂರು ನಿಮಿಷದ್ದು. ಫೇಜನ್ನು ಮಲಗಿಸಿಡುವ ತಡೆಯೂ, ಸಕ್ಕರೆ ಜೀರ್ಣಿಸುವ ವಂಶವಾಹಿಯನ್ನು ಸುಮ್ಮನಿರಿಸುವ ತಡೆಯೂ ಒಂದೇ ಬಗೆಯವು ಎಂಬ ಹೊಳಹು ಜಾಕೋಬ್ ಮತ್ತು ಮೊನೊ ಅವರನ್ನು 1961ರ ಒಪೆರಾನ್ ಸಿದ್ಧಾಂತಕ್ಕೆ ಒಯ್ದಿತು. 1965ರಲ್ಲಿ ಲ್ವೋಫ್, ಜಾಕೋಬ್, ಮೊನೊ ಮೂವರಿಗೂ ನೊಬೆಲ್ ಬಂತು. ಒಪೆರಾನ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಅದರ ಬೇರಿನಲ್ಲಿ ಎಲಿಸಬೆತ್ ಎಂಬ ಹೆಂಗಸಿನ ಹೆಸರಿದೆಯೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಚಳಿಗಾಲ ಬಂತು. ಪ್ಯಾರಿಸ್ಸಿನ ಚಳಿಗಾಲದ ಆಕಾಶ ನಮ್ಮ ಮಲೆನಾಡಿನ ಆಷಾಢದಂತೆ ಬೂದು ಬಣ್ಣಕ್ಕೆ ತಿರುಗಿ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಆದರೆ ಮಳೆಯ ಆ ಭೋರು ಇಲ್ಲ, ಕಪ್ಪೆಯ ಕೂಗಿಲ್ಲ, ಹಲಸಿನ ಹಪ್ಪಳ ಸುಡುವ ವಾಸನೆ ಇಲ್ಲ. ನಾನು ಹಿಡಿದಿದ್ದ ಸುಪ್ತ ಫೇಜ್ ಏಳುತ್ತಿರಲಿಲ್ಲ. ಅತಿನೇರಳೆ ಬೆಳಕು ಕೊಟ್ಟೆ, ಡಿಎನ್ಎಗೆ ಪೆಟ್ಟು ಕೊಡುವ ಔಷಧ ಹಾಕಿದೆ, ಶಾಖ ಏರಿಸಿದೆ, ಹಸಿವಿಗೆ ಕೆಡವಿದೆ. ತಟ್ಟೆಯ ಮೇಲಿನ ಹಾಸು ಎಲ್ಲೂ ಚುಕ್ಕೆಯಿಲ್ಲದೆ ಒಂದೇ ಸಮ ಬೆಳೆದಿರುತ್ತಿತ್ತು. ಡಿಎನ್ಎ ಓದಿಸಿ ನೋಡಿದರೆ ಫೇಜ್ ಅಲ್ಲೇ ಇದೆ, ಅಕ್ಷರಗಳೆಲ್ಲ ನೆಟ್ಟಗಿವೆ. ಗುತ್ತಿಗೆಯ ದಿನಗಳು ಕರಗುತ್ತಿದ್ದವು. ಏನೂ ಆಗದಿರುವುದನ್ನು ಯಾವ ಪತ್ರಿಕೆ ಪ್ರಕಟಿಸುತ್ತದೆ ಎಂಬ ಚಿಂತೆ ರಾತ್ರಿ ನಿದ್ದೆ ಕೆಡಿಸುತ್ತಿತ್ತು. ಪಕ್ಕದ ಬೆಂಚಿನ ಗ್ರೀಸ್ ದೇಶದ ಗೆಳತಿಗೂ ಅದೇ ಚಿಂತೆ. ನಾವಿಬ್ಬರೂ ಊರಿಗೆ ಫೋನು ಮಾಡುವಾಗ ಕೆಲಸ ಚೆನ್ನಾಗಿ ನಡೆದಿದೆ ಎಂದೇ ಹೇಳುತ್ತಿದ್ದೆವು.

ಆ ದಿನಗಳಲ್ಲಿ ನನ್ನನ್ನು ಎತ್ತಿ ನಿಲ್ಲಿಸಿದ್ದು ಧಾರವಾಡದ ಒಬ್ಬ ಅಕ್ಕ. ಗಾರ್ ದ್ಯು ನಾರ್ ರೈಲುನಿಲ್ದಾಣದ ಹಿಂದೆ, ಲಾ ಶಾಪೆಲ್ ಬದಿಯಲ್ಲಿ ಶ್ರೀಲಂಕಾದ ತಮಿಳರ ಅಂಗಡಿಸಾಲಿದೆ. ಕರಿಬೇವು, ನುಗ್ಗೆಕಾಯಿ, ಹುಣಸೆಹಣ್ಣು ಎಲ್ಲ ಸಿಗುವ ಬೀದಿ. ಅಲ್ಲಿ ಜೋಳದ ಹಿಟ್ಟಿನ ಪೊಟ್ಟಣ ಹುಡುಕುತ್ತಿದ್ದ ಅವರು ನನ್ನ ಫೋನಿನ ಕನ್ನಡ ಕೇಳಿ ತಿರುಗಿ ನೋಡಿದರು. ಮುಂದಿನ ಭಾನುವಾರ ಅವರ ಮನೆಯಲ್ಲಿ ಊಟ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

"ಕೂಡವಾ ತಂಗಿ. ಮೊಸರು ಹೆಂಗ ಮಾಡ್ಕೋತಿ ಇಲ್ಲಿ?"

"ಅಂಗಡೀದೇ ತರ್ತೀನಿ ಅಕ್ಕಾ."

"ಅದು ಊಟಕ್ಕ ಹೊಂದಂಗಿಲ್ಲ. ನಾ ಬಂದ ಹೊಸದಾಗ ಹೆಪ್ಪ ಎಲ್ಲಿ ಸಿಗಬೇಕು? ಉಗುರುಬೆಚ್ಚನ ಹಾಲಾಗ ಮೆಣಸಿನಕಾಯಿ ತೊಟ್ಟು ಹಾಕಿಟ್ಟೆ. ಮದಲನೇದು ನೀರಾತು. ಅದನ್ನ ಹೆಪ್ಪ ಮಾಡಿ ಮತ್ತ ಹಾಕಿದೆ, ಮತ್ತ ಹಾಕಿದೆ. ಈಗ ನೋಡು, ನಮ್ಮ ಮನಿದು ಅರ್ಧಾ ಓಣಿ ಒಯ್ತಾರ."

ಹೊತ್ತು ಮುಳುಗಿದ ಮೇಲೆ ಮನೆಯಿಂದ ಹೆಪ್ಪು ಕೊಡಬಾರದು ಎಂಬ ರೂಢಿಯನ್ನು ಅವರು ಅಲ್ಲೂ ಬಿಟ್ಟಿರಲಿಲ್ಲ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆಂದು ಊಟ ಮುಗಿದ ಕೂಡಲೇ ಗಾಜಿನ ಡಬ್ಬಿಯಲ್ಲಿ ಹೆಪ್ಪು ಹಾಕಿಕೊಟ್ಟರು. ಮೆಟ್ರೊದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಮೆಚ್ನಿಕೋವ್ ನೆನಪಾದರು. ಹುಳಿಮೊಸರಿನ ಬ್ಯಾಕ್ಟೀರಿಯಾ ಆಯುಸ್ಸು ಹೆಚ್ಚಿಸುತ್ತದೆಂದು ಶತಮಾನದ ಹಿಂದೆ ಇದೇ ಊರಿನಲ್ಲಿ ಕುಳಿತು ವಾದಿಸಿದವರು ಅವರು. ಅವರ ಚಿತಾಭಸ್ಮ ಪಾಸ್ಟರ್ ಸಂಸ್ಥೆಯ ಗ್ರಂಥಾಲಯದಲ್ಲಿದೆ. ನನ್ನ ಕಸುಬು ಕೂಡ ಹೆಪ್ಪಿನ ಹಾಗೆಯೇ ನಡೆಯುತ್ತ ಬಂದಿದೆ ಎನ್ನಿಸಿತು. ನಾವು ದಿನವೂ ಬಳಸುವ ಇ. ಕೋಲೈ ಕೆ-12 ತಳಿ 1922ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಡಿಫ್ತೀರಿಯಾದಿಂದ ಚೇತರಿಸಿಕೊಳ್ಳುತ್ತಿದ್ದ ರೋಗಿಯೊಬ್ಬನ ಮಲದಿಂದ ತೆಗೆದದ್ದು. ಒಬ್ಬರಿಂದ ಒಬ್ಬರಿಗೆ ಕೈದಾಟಿ, ದಾಟುವಾಗ ಒಂದೊಂದು ಮಾರ್ಪಾಟು ಹೊತ್ತು, ಅದು ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ಸೇರಿದೆ. ಯಾರ ತಳಿ ಯಾರಿಂದ ಬಂತು ಎಂದು ಯೇಲ್ ವಿಶ್ವವಿದ್ಯಾಲಯದ ಬಾರ್ಬರಾ ಬಾಕ್‌ಮನ್ ಪಟ್ಟುಬಿಡದೆ ಜಾಡು ಹಿಡಿದು, 1972ರಲ್ಲಿ ಅವುಗಳ ವಂಶವೃಕ್ಷವನ್ನೇ ಬರೆದು ಪ್ರಕಟಿಸಿದರು.

ವಸಂತದ ಒಂದು ಭಾನುವಾರ ಒಬ್ಬಳೇ ಡ್ರಾನ್ಸಿಗೆ ಹೋದೆ. ನಗರದ ಈಶಾನ್ಯಕ್ಕಿರುವ ಸಾಧಾರಣ ಊರು. 1930ರ ದಶಕದಲ್ಲಿ ಬಡವರ ವಸತಿಗೆಂದು ಕಟ್ಟಲು ಶುರುವಾದ, ಮೂರು ಬದಿಗೆ ಬಾಗಿದ ಉದ್ದನೆಯ ಕಟ್ಟಡ. ಅದನ್ನೇ ಶಿಬಿರ ಮಾಡಿದ್ದರು. ಫ್ರಾನ್ಸಿನಿಂದ ಸಾಗಿಸಿದ ಸುಮಾರು 76,000 ಯಹೂದಿಗಳಲ್ಲಿ 63,000ದಷ್ಟು ಜನ ಇಲ್ಲಿಂದ ರೈಲು ಹತ್ತಿದರು. ಅಂಗಳದಲ್ಲಿ ಆ ಕಾಲದ ಒಂದು ಸರಕು ಬೋಗಿ ನಿಲ್ಲಿಸಿದ್ದಾರೆ, ಒಂದು ಸ್ಮಾರಕವಿದೆ. ಕಟ್ಟಡದಲ್ಲಿ ಈಗಲೂ ಜನ ವಾಸವಾಗಿದ್ದಾರೆ. ನಾನು ಹೋದಾಗ ಹುಡುಗರು ಚೆಂಡಾಡುತ್ತಿದ್ದರು. ತರಕಾರಿ ಚೀಲ ಹಿಡಿದ ಹೆಂಗಸೊಬ್ಬರು ನಮಸ್ಕಾರ ಹೇಳಿ ಮೆಟ್ಟಿಲು ಹತ್ತಿ ಹೋದರು. ಇಂಥ ಜಾಗದಲ್ಲಿ ಹೇಗಿರುತ್ತಾರೆ ಎಂದು ಮೊದಲು ಅನ್ನಿಸಿತು. ಕುಳಿತು ಯೋಚಿಸಿದ ಹಾಗೆ, ಬಡವರ ಮನೆಯೆಂದು ಕಟ್ಟಿದ್ದು ಬಡವರ ಮನೆಯಾಗಿಯೇ ಉಳಿದದ್ದು ಸರಿಯೆಂದು ತೋರಿತು. ಕೊಂದವರ ಕೆಲಸಕ್ಕೆ ಆ ಕಟ್ಟಡ ಶಾಶ್ವತವಾಗಿ ಸಲ್ಲಲಿಲ್ಲ.

ಮರಳುವ ದಾರಿಯಲ್ಲಿ ಮಾರೆ ಪ್ರದೇಶದ ಹೆಸರುಗಳ ಗೋಡೆಯ ಮುಂದೆ ಹೋಗಿ ನಿಂತೆ. ಸಾಗಿಸಲಾದವರ ಹೆಸರುಗಳನ್ನು ವರ್ಷವಾರು ಕಲ್ಲಿನಲ್ಲಿ ಕೆತ್ತಿದ್ದಾರೆ. 1943ರ ಸಾಲುಗಳ ಉದ್ದಕ್ಕೂ ನಡೆದು, ಅಕ್ಷರಮಾಲೆಯ ಕೊನೆಗೆ ಬಂದು, ವೋಲ್ಮನ್ ದಂಪತಿಯ ಹೆಸರುಗಳನ್ನು ಬೆರಳಿಟ್ಟು ಓದಿದೆ. ನಾನು ಅವರ ಮನೆಯವಳಲ್ಲ, ಅವರ ದೇಶದವಳಲ್ಲ. ಆದರೂ ಅವರ ಕೆಲಸದಿಂದ ಹೊರಟ ದಾರಿಯಲ್ಲೇ ನನ್ನ ಅನ್ನ ಇದೆ. ಅವರು ಕೋಶ ಒಡೆದು ಏನೂ ಸಿಗದೆ ಮೇಜಿನ ಮುಂದೆ ಕುಳಿತ ದಿನವನ್ನು ಊಹಿಸಲು ನನಗೆ ಈಗ ಕಷ್ಟವಾಗಲಿಲ್ಲ. ಅವರಿಗೆ ಬಂದ ಧೈರ್ಯದ ಮೂಲ ನನಗೆ ಹೊಳೆದದ್ದು ಹೀಗೆ: ಯೂಜೀನ್ 1920ರ ದಶಕದಿಂದಲೂ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಮುಂದಿನ ವರ್ಷ ಅದೇ ಮೇಜಿಗೆ ಬಂದು ಅದೇ ಪ್ರಶ್ನೆ ಕೇಳಬಹುದೆಂಬ ನೆಚ್ಚಿಕೆ ಅವರಿಗಿತ್ತು. ಏನೂ ಸಿಗಲಿಲ್ಲ ಎಂಬ ಉತ್ತರವನ್ನು ಗೌರವದಿಂದ ನೋಡಲು ಸಮಯ ಬೇಕು. ಆ ಸಮಯವನ್ನು ಅವರಿಂದ ಕಸಿದದ್ದು ವಿಜ್ಞಾನವಲ್ಲ, ದ್ವೇಷ. ಕಸಿದ ಮೇಲೂ ಪ್ರಶ್ನೆ ಉಳಿಯಿತು, ಯಾಕೆಂದರೆ ಎತ್ತಿಕೊಳ್ಳಲು ಲ್ವೋಫ್ ಇದ್ದರು, ಮಗ ಎಲಿ ಇದ್ದರು.

ನಾನು ಪ್ರಯೋಗಾಲಯಕ್ಕೆ ಮರಳಿ ಫೇಜನ್ನು ಎಬ್ಬಿಸುವ ಪ್ರಯತ್ನ ಬಿಟ್ಟು, ಅದು ಏಳದಿದ್ದರೂ ಬ್ಯಾಕ್ಟೀರಿಯಾಕ್ಕೆ ಏನು ಮಾಡುತ್ತಿದೆ ಎಂದು ನೋಡತೊಡಗಿದೆ. ಆ ದಾರಿ ಹೊಸದಲ್ಲ. ಕೆ-12 ತಳಿಯಲ್ಲೇ ಇನ್ನೆಂದೂ ಏಳಲಾರದ ಒಂಬತ್ತು ಹಳೆಯ ಫೇಜ್‌ಗಳ ಅವಶೇಷಗಳಿವೆ. ಅವೆಲ್ಲವನ್ನೂ ತೆಗೆದುಹಾಕಿದರೆ ಬ್ಯಾಕ್ಟೀರಿಯಾ ಕೆಲವು ಆಂಟಿಬಯಾಟಿಕ್‌ಗಳನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆಂದು 2010ರಲ್ಲಿ ತೋರಿಸಲಾಗಿತ್ತು. ನನ್ನ ಫೇಜ್ ಕೂಡ ತನ್ನ ಮನೆಗೆ ಏನೋ ಉಪಕಾರ ಮಾಡುತ್ತಿದೆಯೆಂಬ ಸುಳಿವು ಸಿಕ್ಕಿತು. ಸುಳಿವು ಉತ್ತರವಾಗುವ ಮೊದಲೇ ಗುತ್ತಿಗೆ ಮುಗಿಯಿತು.

ಕೊನೆಯ ವಾರಗಳು ಹಸ್ತಾಂತರದ ಕೆಲಸಕ್ಕೆ ಹೋದವು. ಪೋಸ್ಟ್‌ಡಾಕ್ ಹೊರಡುವಾಗ ನೋಟುಪುಸ್ತಕ ಅಲ್ಲೇ ಬಿಡಬೇಕು. ಒಂದೊಂದು ತಳಿಯನ್ನೂ ಗ್ಲಿಸರಾಲ್ ಬೆರೆಸಿ ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನಲ್ಲಿಟ್ಟು, ಯಾವ ಪೆಟ್ಟಿಗೆ, ಯಾವ ಸಾಲು, ಯಾವುದರಿಂದ ಯಾವುದನ್ನು ಮಾಡಿದೆ ಎಂದು ಬರೆದೆ. ನನ್ನ ಜಾಗಕ್ಕೆ ಬಂದ ಟ್ಯುನೀಸಿಯಾದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಗದೆ ಹೋದ ಪ್ರಯೋಗಗಳನ್ನೆಲ್ಲ ವಿವರವಾಗಿ ಹೇಳಿದೆ. ಎಷ್ಟು ಬೆಳಕು, ಎಷ್ಟು ಹೊತ್ತು, ಯಾವ ಔಷಧ, ಎಷ್ಟು ಪ್ರಮಾಣ. ಅವಳು ಗೆಲುವಿನ ಪುಟಗಳಿಗಿಂತ ಆ ಪುಟಗಳನ್ನೇ ಹೆಚ್ಚು ಆಸೆಯಿಂದ ಓದಿದಳು. ಅಕ್ಕನ ಮನೆಯ ಹೆಪ್ಪನ್ನೂ ಅವಳಿಗೆ ಕೊಟ್ಟು ಬಂದೆ. ಅವಳ ಅಮ್ಮನೂ ಮನೆಯಲ್ಲಿ ಹಾಲನ್ನು ಹುಳಿಗಟ್ಟಿಸುತ್ತಾಳಂತೆ.

ಊರಿಗೆ ಬಂದಾಗ ಅಪ್ಪ ಮತ್ತೆ ಕೇಳಿದರು. ಪರ್ಮನೆಂಟ್ ಆಗಿರಲಿಲ್ಲ, ಬೆಂಗಳೂರಿನಲ್ಲಿ ಇನ್ನೊಂದು ಪೋಸ್ಟ್‌ಡಾಕ್ ಸಿಕ್ಕಿತ್ತು. ಇಷ್ಟು ವರ್ಷ ಮಾಡಿದ್ದೇನು ಎಂದು ಅವರಿಗೆ ವೋಲ್ಮನ್ ದಂಪತಿಯ ಕಥೆ ಹೇಳಿದೆ. ಪೂರ್ತಿ ಕೇಳಿ, "ಅವರ ಮಗ ಮುಂದುವರಿಸಿದನಲ್ಲ, ಅಷ್ಟು ಸಾಕು ಬಿಡು" ಎಂದರು. ನನಗೆ ಅಷ್ಟು ಸಾಕಾಗಲಿಲ್ಲ. ಮುಂದುವರಿಸುವ ಮಗ ಇರುವುದು ಅದೃಷ್ಟದ ಮಾತು. ವಿಜ್ಞಾನವನ್ನು ಅದೃಷ್ಟಕ್ಕೆ ಬಿಡಬಾರದು.

ನಮ್ಮಲ್ಲಿ ಪೋಸ್ಟ್‌ಡಾಕ್ ಒಬ್ಬರನ್ನು ತೂಗುವುದು ಅವರು ಪ್ರಕಟಿಸಿದ ಪ್ರಬಂಧಗಳಿಂದ. ಅವರು ಬಿಟ್ಟುಹೋದ ತಳಿಗಳು ಫ್ರೀಜರಿನಲ್ಲಿ ಹೆಸರಿಲ್ಲದ ಪೆಟ್ಟಿಗೆಗಳಾಗಿ ಉಳಿಯುತ್ತವೆ, ಆಗದ ಪ್ರಯೋಗಗಳ ಪುಟಗಳನ್ನು ಯಾರೂ ತೆರೆಯುವುದಿಲ್ಲ. ಮುಂದಿನವರು ಅದೇ ಗೋಡೆಗೆ ಮತ್ತೆ ತಲೆ ಬಡಿಯುತ್ತಾರೆ. ಪ್ರತಿ ಗುತ್ತಿಗೆಯ ಕೊನೆಯಲ್ಲಿ ಹಸ್ತಾಂತರಕ್ಕೆಂದೇ ಸಂಬಳಸಹಿತ ಕಾಲಾವಕಾಶ ಇರಬೇಕು. ತಳಿಯ ಜೊತೆ ಅದನ್ನು ಮಾಡಿದವರ ಹೆಸರು ಇರಬೇಕು. ಮೀಡಿಯಾ ರೂಮಿನ ಅಣ್ಣನ ಹೆಸರೂ ಇರಬೇಕು. ಸಿಕ್ಕದ್ದರ ಪಕ್ಕದಲ್ಲಿ ಸಿಗದೆ ಹೋದದ್ದೂ ದಾಖಲಾಗಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ, ಕೋಟಿಗಟ್ಟಲೆ ಅನುದಾನ ಬೇಡ. ಬೆಂಗಳೂರಿನ ನಮ್ಮ ಪ್ರಯೋಗಾಲಯದಲ್ಲಿ ಈ ವರ್ಷದಿಂದ ಅಂಥ ಒಂದು ದಪ್ಪ ಪುಸ್ತಕ ಶುರು ಮಾಡಿದ್ದೇವೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಮೊದಲ ವಾರ ಅದನ್ನು ಓದಿ, ತಮಗೆ ಹಿಡಿಸಿದ ಒಂದು ಸೋತ ಪ್ರಯೋಗವನ್ನು ಆರಿಸಿಕೊಂಡು ಮತ್ತೆ ಮಾಡಬೇಕು. ಕಳೆದ ತಿಂಗಳು ಬಂದ ರಾಯಚೂರಿನ ಹುಡುಗ ನನ್ನದೊಂದನ್ನು ಆರಿಸಿಕೊಂಡಿದ್ದಾನೆ. ನಾನು ಇಲ್ಲಿಂದ ಹೋದ ಮೇಲೂ ಅವನು ಅದನ್ನು ಮಾಡಬಲ್ಲ.